ಅಪ್‌ಡೇಟ್: ಸೆಪ್ಟಿಕ್ ಶಾಕ್ ಆಗಿದ್ದ ಮಗಳಿಗೆ ರಕ್ತ ಶುದ್ಧೀಕರಣ

ಮಗಳು ಈಗ ವಾರ್ಡ್‌ಗೆ ಬಂದಿದ್ದಾಳೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನ್ಯುಮೋನಿಯಾದಿಂದ ಸೆಪ್ಟಿಕ್ ಶಾಕ್ (ಸೋಂಕು ಉಲ್ಬಣಿಸಿ ರಕ್ತ ಸಂಚಾರ ಕುಸಿಯುವ ಸ್ಥಿತಿ) ಆಗಿ ಐಸಿಯುನಲ್ಲಿದ್ದಾಗ, ರಕ್ತ ಶುದ್ಧೀಕರಣ, ಅಂದರೆ ಮೆಷಿನ್ ಮೂಲಕ ರಕ್ತ ಸೋಸುವುದು, ಮಾಡಿಸಬೇಕಾ ಅಂತ ಇಲ್ಲಿ ಕೇಳಿದ್ದೆ. "ಯಾವ ಕಾರಣಕ್ಕೆ ಅಂತ ಮೊದಲು ಡಾಕ್ಟರನ್ನು ಕೇಳಿ" ಎಂದವರ ಸಲಹೆಯೇ ಕೆಲಸಕ್ಕೆ ಬಂತು. ಅವಳಿಗೆ ಮೂತ್ರ ತೀರಾ ಕಡಿಮೆಯಾಗಿ ಮೈಯೆಲ್ಲ ಊದಿತ್ತು. ಮೂತ್ರ ಹೆಚ್ಚಿಸುವ ಔಷಧಿ ಲೇಸಿಕ್ಸ್ ಕೊಟ್ಟರೂ ಇಳಿಯಲಿಲ್ಲ. ಅದಕ್ಕೇ ಸಿಆರ್‌ಆರ್‌ಟಿ ಹಾಕಿದರು, ಅಂದರೆ ಹಗಲು ರಾತ್ರಿ ನಿಧಾನವಾಗಿ ನಡೆಯುವ ಡಯಾಲಿಸಿಸ್. ಊದಿ ಮುಚ್ಚಿಹೋಗಿದ್ದ ರೆಪ್ಪೆ ಸ್ವಲ್ಪ ಸ್ವಲ್ಪವೇ ತೆರೆಯಿತು.

ಕೆಲವರು ಹೇಳಿದ್ದ ಸೈಟೋಸಾರ್ಬ್ (ರಕ್ತದಲ್ಲಿನ ಉರಿಯೂತದ ಅಂಶಗಳನ್ನು ಹೀರುವ ಫಿಲ್ಟರ್), ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದ ದ್ರವ ಭಾಗ ತೆಗೆದು ಬೇರೆ ಹಾಕುವುದು) ಎರಡೂ ಮಾಡಲಿಲ್ಲ. ಸೈಟೋಸಾರ್ಬ್‌ಗೆ ಮಕ್ಕಳಲ್ಲಿ ಗಟ್ಟಿ ಪುರಾವೆ ಇಲ್ಲ ಅಂದರು. ಪ್ಲೇಟ್‌ಲೆಟ್ ಕುಸಿದು ಹಲವು ಅಂಗ ಸೋತಿರದಿದ್ದರೆ ಪ್ಲಾಸ್ಮಾ ಎಕ್ಸ್‌ಚೇಂಜ್ ಬೇಡ ಎನ್ನುವುದೇ ಮಕ್ಕಳ ಸೆಪ್ಸಿಸ್ ಚಿಕಿತ್ಸೆಗೆ ಇರುವ 2020ರ ಅಂತರರಾಷ್ಟ್ರೀಯ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿಯ ಸಲಹೆ ಕೂಡ.

ಆಶ್ಚರ್ಯ ಆಗಿದ್ದು ಇದು: ಸಿಆರ್‌ಆರ್‌ಟಿ ಮೆಷಿನ್ ಮೂಲಕ ಹೋಗಿ ಬರುವಾಗ ರಕ್ತ ತಣ್ಣಗಾಗುತ್ತದೆ. ಹಾಗಾಗಿ ಜ್ವರ ಇದ್ದರೂ ಕಾಣದೇ ಇರಬಹುದು. ಕೆಲವು ಆ್ಯಂಟಿಬಯೋಟಿಕ್ ಕೂಡ ಸೋಸಿ ಹೋಗುತ್ತವೆ, ಡೋಸ್ ಹೊಂದಿಸಬೇಕು. ನಿಮ್ಮ ಡಾಕ್ಟರ್ ಹತ್ತಿರ ಇದನ್ನು ಖಂಡಿತ ಕೇಳಿ, ಯಾಕೆಂದರೆ ಸೋಂಕನ್ನು ಕೊಲ್ಲುವುದು ಆ್ಯಂಟಿಬಯೋಟಿಕ್ಕೇ ಅಲ್ವಾ.

ಈಗ ಮೂತ್ರ ಚೆನ್ನಾಗಿ ಹೋಗುತ್ತಿದೆ. ಕಿಡ್ನಿ ಫಾಲೋ ಅಪ್ ಮಾತ್ರ ತಪ್ಪಿಸಬಾರದು ಅಂದಿದ್ದಾರೆ.