ಪೂಲ್ ನೀರು ಬೆಳ್ಳಗೆ ಮಬ್ಬಾಗಿದೆ, ಎಷ್ಟು ಫಿಲ್ಟರ್ ಓಡಿಸಿದರೂ ತಿಳಿಯಾಗುತ್ತಿಲ್ಲ. ಖಾಲಿ ಮಾಡಲೇಬೇಕಾ?

ತೋಟದಮನೆ:
ನಮಸ್ಕಾರ. ದೊಡ್ಡಬಳ್ಳಾಪುರದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಒಂದು ಪೂಲ್ ಇದೆ. ಉದ್ದ 8 ಮೀಟರ್, ಅಗಲ 4 ಮೀಟರ್. ಆಳ ಒಂದು ಕಡೆ 1 ಮೀಟರ್, ಇನ್ನೊಂದು ಕಡೆ ಒಂದೂವರೆ. ತುಂಬಿಸುವುದು ಬೋರ್‌ವೆಲ್ ನೀರನ್ನೇ. ಲ್ಯಾಬ್ ರಿಪೋರ್ಟ್‌ನಲ್ಲಿ ಗಡಸುತನ (ನೀರಿನಲ್ಲಿ ಕರಗಿರುವ ಸುಣ್ಣದ ಅಂಶ) 520 ಪಿಪಿಎಂ, ಅಂದರೆ ಲೀಟರಿಗೆ 520 ಮಿಲಿಗ್ರಾಂ ಅಂತ ಇದೆ.

ಯುಗಾದಿವರೆಗೂ ನೀರು ಚೆನ್ನಾಗಿತ್ತು. ಮೂಲೆಯಲ್ಲಿ ಸ್ವಲ್ಪ ಪಾಚಿ ಕಂಡಿತು ಅಂತ ಪೂಲ್ ನೋಡಿಕೊಳ್ಳುವ ಹುಡುಗ 2 ಕಿಲೋ ಬ್ಲೀಚಿಂಗ್ ಪೌಡರ್ ಹಾಕಿದ. ಮಾರನೇ ದಿನಕ್ಕೆ ನೀರುಮಜ್ಜಿಗೆ ಥರ ಆಗಿದೆ. ಹಸಿರು ಬಣ್ಣ ಇಲ್ಲ, ಕೆಟ್ಟ ವಾಸನೆ ಇಲ್ಲ, ಬರೀ ಬಿಳಿ. ಅಂಗಡಿಯವರು ಪಟಿಕ ಹಾಕಿ ಅಂದರು. ಹಾಕಿದ ಮೇಲೆ ಮಬ್ಬು ಇನ್ನೂ ಜಾಸ್ತಿಯಾಯಿತು. ಈಗ ಎಲ್ಲಾ ಖಾಲಿ ಮಾಡಿ ಹೊಸದಾಗಿ ತುಂಬಿಸಿ ಅನ್ನುತ್ತಿದ್ದಾರೆ. ಈ ಬೇಸಿಗೆಯಲ್ಲಿ 40,000 ಲೀಟರ್ ನೀರು ಚೆಲ್ಲಲು ಮನಸ್ಸು ಬರುತ್ತಿಲ್ಲ. ಅಕ್ಕನ ಮಕ್ಕಳು ರಜೆಗೆ ಬರುವವರಿದ್ದಾರೆ. ಏನಾದರೂ ದಾರಿ ಇದೆಯಾ?

ಘಟ್ಟದಂಚು:
ನಮ್ಮದು ಸಕಲೇಶಪುರದ ಕಡೆ. ಮಳೆಗಾಲದಲ್ಲಿ ಮರದ ಎಲೆ ಬಿದ್ದು ಇಲ್ಲೂ ಮಬ್ಬಾಗುತ್ತದೆ. ಎಲೆ ತೆಗೆದು, ಗೋಡೆ ತಿಕ್ಕಿ, ಸಂಜೆ ಹೊತ್ತು ಕ್ಲೋರಿನ್ ಜಾಸ್ತಿ ಹಾಕಿ ರಾತ್ರಿಯೆಲ್ಲಾ ಪಂಪ್ ಓಡಿಸುತ್ತೇವೆ. ತಿಳಿಯಾಗುತ್ತದೆ. ನೀವೂ ಇನ್ನೊಂದು ಸಲ ಕ್ಲೋರಿನ್ ಹಾಕಿ ನೋಡಿ.

ನೀರಿನಕೆಲಸ:
ಖಾಲಿ ಮಾಡಬೇಡಿ. ಅದೇ ಬೋರ್‌ವೆಲ್‌ನಿಂದ ತುಂಬಿಸಿದರೆ ಅದೇ ಸುಣ್ಣ ಮತ್ತೆ ಬರುತ್ತದೆ. ಇನ್ನೊಂದು ಸಲ ಬ್ಲೀಚಿಂಗ್ ಪೌಡರನ್ನೂ ಹಾಕಬೇಡಿ. ಘಟ್ಟದಂಚು ಅವರು ಹೇಳಿದ್ದು ಮಲೆನಾಡಿನ ಮೆದು ನೀರಿಗೆ ಸರಿ. ಅಲ್ಲಿ ಬರುವುದು ಪಾಚಿಯ ಮಬ್ಬು. ನಿಮ್ಮದು ಬೇರೆ ಅನ್ನಿಸುತ್ತದೆ. ಬೆಂಗಳೂರಿನ ಸುತ್ತಮುತ್ತ ಮನೆ ಪೂಲ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಗಡಸು ನೀರಿಗೆ ಬ್ಲೀಚಿಂಗ್ ಪೌಡರ್ ಬಿದ್ದ ಕಡೆಯೆಲ್ಲಾ ಇದೇ ಕಥೆ.

ಮೊದಲು ಒಂದು ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ಪೂಲ್ ನೀರು ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಎರಡು ಚಮಚ ಬಿಳಿ ವಿನೆಗರ್ ಹಾಕಿ ಕಲಕಿ. ನೋಡುತ್ತಿದ್ದ ಹಾಗೇ ಮಬ್ಬು ಕರಗಿ ನೀರು ತಿಳಿಯಾದರೆ ಅದು ಸುಣ್ಣ. ಏನೂ ಬದಲಾಗದಿದ್ದರೆ ಪಾಚಿ ಅಥವಾ ಮಣ್ಣು.

ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ ಅಂಶ ಸುಮಾರು ಮೂರನೇ ಒಂದು ಭಾಗ. ಜೊತೆಗೆ ಕರಗದ ಸುಣ್ಣವೂ ಬರುತ್ತದೆ, ಪಿಎಚ್ಚೂ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಏರುತ್ತದೆ. ಪಿಎಚ್ ಏರಿದ ಕೂಡಲೇ ನಿಮ್ಮ ಬೋರ್‌ವೆಲ್ ನೀರಿನಲ್ಲಿ ಮೊದಲೇ ಕರಗಿದ್ದ ಸುಣ್ಣವೂ ಹಿಟ್ಟಾಗಿ ಹೊರಗೆ ಬರುತ್ತದೆ. ಆ ಹಿಟ್ಟು ಎಷ್ಟು ನುಣ್ಣಗಿರುತ್ತದೆ ಅಂದರೆ ಫಿಲ್ಟರ್ ಮರಳಿನ ಸಂದಿಯಲ್ಲೇ ನುಸುಳಿ ವಾಪಸ್ ಪೂಲ್‌ಗೆ ಬಂದುಬಿಡುತ್ತದೆ. ಹಗಲು ರಾತ್ರಿ ಓಡಿಸಿದರೆ ಕರೆಂಟ್ ಬಿಲ್ ಬರುತ್ತದೆ, ಅಷ್ಟೇ. ಪಟಿಕವೂ ಪಿಎಚ್ 8 ದಾಟಿದ ನೀರಿನಲ್ಲಿ ಸರಿಯಾಗಿ ಗಟ್ಟಿಯಾಗಿ ಕೂರುವುದಿಲ್ಲ. ಅದಕ್ಕೇ ಮಬ್ಬು ಜಾಸ್ತಿಯಾಗಿದ್ದು.

ಪಿಎಚ್ ಅಳೆಯಿರಿ. ಬೇಕಾಗಿರುವುದು 7.2ರಿಂದ 7.6. ಜಾಸ್ತಿ ಇದ್ದರೆ ಒಂದು ಸಲಕ್ಕೆ ಅರ್ಧ ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್ ಸಾಕು, ಅದನ್ನೂ ಒಂದೇ ಕಡೆ ಸುರಿಯಬೇಡಿ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಅದಕ್ಕೆ ಆಸಿಡ್. ಉಲ್ಟಾ ಮಾಡಿದರೆ ಮುಖಕ್ಕೆ ಸಿಡಿಯುತ್ತದೆ. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಲೇಬೇಡಿ. ಪಂಪ್ ಓಡುತ್ತಿರುವಾಗ ಆಳದ ಕಡೆ ನಿಧಾನಕ್ಕೆ ಸುತ್ತಲೂ ಹಾಕಿ, ನಾಲ್ಕು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಹೀಗೆ ಹಂತ ಹಂತವಾಗಿ ಇಳಿಸಿ.

ತೋಟದಮನೆ:
ವಿನೆಗರ್ ಹಾಕಿದ ಕೂಡಲೇ ಲೋಟದ ನೀರು ತಿಳಿಯಾಯಿತು! ಪಿಎಚ್ ಕಿಟ್‌ನಲ್ಲಿ ಬಣ್ಣ ಕೊನೆಯ ಗುರುತನ್ನೂ ದಾಟಿ ಗಾಢ ಗುಲಾಬಿ ಬರುತ್ತಿದೆ. ಇವತ್ತೇ ಆಸಿಡ್ ಶುರು ಮಾಡುತ್ತೇವೆ. ಫಿಲ್ಟರ್‌ಗೆ ಏನಾದರೂ ಮಾಡಬೇಕಾ?

ಬಾವಿಕಟ್ಟೆ:
ಮಧ್ಯೆ ಒಂದು ಮಾತು. ತಳದ ಜಾಲರಿ ಮೇಲಿಂದ ಸ್ಪಷ್ಟವಾಗಿ ಕಾಣುವ ತನಕ ಮಕ್ಕಳನ್ನು ದಯವಿಟ್ಟು ಇಳಿಸಬೇಡಿ. ನೀರಿನ ಗುಣ ಹೇಗಾದರೂ ಇರಲಿ, ಮುಳುಗಿದ ಮಗು ಮಬ್ಬು ನೀರಿನಲ್ಲಿ ಕಾಣುವುದಿಲ್ಲ. ಒಂದು ಮೀಟರ್ ಆಳವೇ ಸಾಕು.

ನೀರಿನಕೆಲಸ:
ಬಾವಿಕಟ್ಟೆ ಅವರ ಮಾತು ನೂರಕ್ಕೆ ನೂರು ನಿಜ. ಎಷ್ಟೇ ಹಟ ಮಾಡಿದರೂ ಇಳಿಸಬೇಡಿ.

ಫಿಲ್ಟರ್ ಬಗ್ಗೆ. ಪಂಪ್ ನಿಲ್ಲಿಸಿ, ಮುಚ್ಚಳ ತೆಗೆದು ಮರಳಿಗೆ ಕೈ ಹಾಕಿ ನೋಡಿ. ಮರಳು ಬೆರಳ ಸಂದಿಯಲ್ಲಿ ಜಾರಬೇಕು. ಗಡಸು ನೀರಿನ ಪೂಲ್‌ಗಳಲ್ಲಿ ಅದು ಹೆಂಟೆಗಟ್ಟಿರುತ್ತದೆ. ಹೆಂಟೆ ಹಿಡಿದು ಅದುಮಿದರೆ ಕರಕರ ಅನ್ನುತ್ತದೆ, ಕೈಗೆ ಬಿಳಿ ಪುಡಿ ಹತ್ತುತ್ತದೆ. ಹೆಂಟೆಯ ಪಕ್ಕದಲ್ಲೇ ನೀರು ದಾರಿ ಮಾಡಿಕೊಂಡು ಹೋಗುವುದರಿಂದ ಏನೂ ಸೋಸುವುದಿಲ್ಲ. ಹಾಗಿದ್ದರೆ ಮರಳು ಬದಲಾಯಿಸಿ. ಸರಿಯಿದ್ದರೆ ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯುವುದು) ಸಾಕು. ಅದೂ ದಿನಾ ಬೇಡ. ಗೇಜ್‌ನಲ್ಲಿ ಒತ್ತಡ ಮಾಮೂಲಿಗಿಂತ 8ರಿಂದ 10 ಪಿಎಸ್ಐ ಏರಿದಾಗ ಮಾಡಿ. ಫಿಲ್ಟರ್ ವಾಲ್ವ್‌ನ ಹ್ಯಾಂಡಲ್ ತಿರುಗಿಸುವ ಮುಂಚೆ ಪಂಪ್ ಆಫ್ ಮಾಡುವುದನ್ನು ಹುಡುಗನಿಗೆ ಒತ್ತಿ ಹೇಳಿ.

ಪಿಎಚ್ 7.4ರ ಹತ್ತಿರ ಬಂದ ಮೇಲೂ ಸ್ವಲ್ಪ ಮಬ್ಬು ಉಳಿದರೆ ಪಟಿಕ ಈಗ ಕೆಲಸ ಮಾಡುತ್ತದೆ. ಒಂದೂವರೆ ಕಿಲೋ ಕರಗಿಸಿ ಹಾಕಿ, ಪಂಪ್ ನಿಲ್ಲಿಸಿ ರಾತ್ರಿಯೆಲ್ಲಾ ಬಿಡಿ. ಬೆಳಿಗ್ಗೆ ತಳದಲ್ಲಿ ಕೂತಿರುವುದನ್ನು ಕಲಕದೆ, ಹ್ಯಾಂಡಲನ್ನು ವೇಸ್ಟ್‌ಗೆ (ನೀರು ಫಿಲ್ಟರ್‌ಗೆ ಹೋಗದೆ ನೇರ ಹೊರಗೆ ಹೋಗುವ ಹಾಗೆ) ತಿರುಗಿಸಿ ವ್ಯಾಕ್ಯೂಮ್ ಮಾಡಿ. ಫಿಲ್ಟರ್ ಮೂಲಕ ಎಳೆದರೆ ಆ ಗಸಿಯೆಲ್ಲಾ ಮರಳಿನಲ್ಲಿ ಕೂರುತ್ತದೆ.

ಮುಂದಕ್ಕೆ ಬ್ಲೀಚಿಂಗ್ ಪೌಡರ್ ಬಿಟ್ಟು ಸೋಡಿಯಂ ಹೈಪೋಕ್ಲೋರೈಟ್ ದ್ರವ ಬಳಸಿ. ಅದರಲ್ಲಿ ಸುಣ್ಣ ಇಲ್ಲ. 10 ಪರ್ಸೆಂಟ್‌ನದ್ದು 400 ಮಿಲಿ ಹಾಕಿದರೆ ನಿಮ್ಮ ಪೂಲ್‌ನಲ್ಲಿ ಕ್ಲೋರಿನ್ ಸುಮಾರು 1 ಪಿಪಿಎಂ ಏರುತ್ತದೆ. 1ರಿಂದ 3ರ ಒಳಗೆ ಇಟ್ಟುಕೊಳ್ಳಿ. ಸಂಜೆ ಹಾಕಿ, ಬಿಸಿಲಿಗೆ ಕ್ಲೋರಿನ್ ಬೇಗ ಹಾಳಾಗುತ್ತದೆ. ಪಿಎಚ್ ಮರೆಯಬೇಡಿ. 7.5ರಲ್ಲಿ ಕ್ಲೋರಿನ್‌ನ ಅರ್ಧ ಭಾಗ ಚುರುಕಾಗಿರುತ್ತದೆ, 8.5ರಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಕ್ಲೋರಿನ್ ಮತ್ತು ಆಸಿಡ್ ಒಂದೇ ಶೆಡ್‌ನಲ್ಲಿ ಇಡಲೇಬೇಡಿ. ಎರಡೂ ಸೇರಿದರೆ ವಿಷದ ಗಾಳಿ ಬರುತ್ತದೆ.

ಇನ್ನು ಮೂಲ ಕಾರಣ. ಬಿಸಿಲಿಗೆ ದಿನಕ್ಕೆ ಅರ್ಧ ಸೆಂಟಿಮೀಟರ್ ನೀರು ಆವಿಯಾದರೆ ನಿಮ್ಮ ಪೂಲ್‌ನಲ್ಲಿ 160 ಲೀಟರ್. ಹೋಗುವುದು ಬರೀ ನೀರು, ಸುಣ್ಣ ಅಲ್ಲೇ ಉಳಿಯುತ್ತದೆ. ಅಷ್ಟನ್ನೇ ಬೋರ್‌ವೆಲ್‌ನಿಂದ ತುಂಬಿಸಿದರೆ ದಿನಾ 80 ಗ್ರಾಂ ಸುಣ್ಣ ಹೊಸದಾಗಿ ಸೇರುತ್ತದೆ ಅಲ್ವಾ? ಮನೆ ಮೇಲಿನ ಮಳೆ ನೀರನ್ನು ಸೋಸಿ ಸಂಪ್‌ಗೆ ಬಿಡಿ. 100 ಚದರ ಮೀಟರ್ ಚಾವಣಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಮ್ಮಿ 2,000 ಲೀಟರ್ ಮೆದು ನೀರು. ಮೇ ತಿಂಗಳ ಸಂಜೆ ಮಳೆ ಶುರುವಾಗುವ ಮುಂಚೆ ಪೈಪ್ ಹಾಕಿಸಿಬಿಡಿ.