ಏರ್ ಪ್ಲಾಂಟ್ ಬೆಳೆಸಿದವರು ಹೇಳಿ: ಎಲ್ಲಿಡಬೇಕು, ನೀರು ಹೇಗೆ ಕೊಡಬೇಕು?

ಪ್ರಶ್ನೆ

ನಮ್ಮ ಮನೆಗೆ ಮೂರು ಏರ್ ಪ್ಲಾಂಟ್ (ಮಣ್ಣಿಲ್ಲದೆ ಬೆಳೆಯುವ ಗಿಡ) ಬಂದಿವೆ. ಒಂದು ಪುಟ್ಟ ಅಯೊನಾಂಥಾ. ಇನ್ನೊಂದು ಬುಡ ಉಬ್ಬಿಕೊಂಡು, ಎಲೆ ತಿರುಚಿಕೊಂಡಿರುವ ಬಲ್ಬೋಸಾ. ಮೂರನೆಯದು ಅಗಲ ಎಲೆಯ, ಬೆಳ್ಳಿ ಬಣ್ಣದ ಝೆರೊಗ್ರಾಫಿಕಾ. ಅಯೊನಾಂಥಾ ಸದ್ಯ ನೇತು ಹಾಕುವ ಗಾಜಿನ ಗೋಳದಲ್ಲಿದೆ. ಉಳಿದೆರಡನ್ನು ಮರದ ತುಂಡಿಗೆ ಅಂಟಿಸಿ ಗೋಡೆಗೆ ಹಾಕುವ ಆಸೆ. ನೀರಿನ ವಿಷಯಕ್ಕೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸ್ಪ್ರೇ ಸಾಕು ಅಂತ ಒಬ್ಬರು, ಮುಳುಗಿಸಿ ಅಂತ ಇನ್ನೊಬ್ಬರು, ಗಾಳಿಯಲ್ಲೇ ಬದುಕುತ್ತದೆ ಬಿಡಿ ಅಂತ ಮತ್ತೊಬ್ಬರು. ಬೆಳೆಸಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಇನ್ನೊಂದು ವಿಷಯ, ಅಯೊನಾಂಥಾದ ನಡುವಿನ ಎಲೆಗಳು ಕೆಂಪಾಗುತ್ತಿವೆ. ಬಿಸಿಲು ಜಾಸ್ತಿ ಆಯಿತಾ?

ಉತ್ತರ 1

ಗಾಳಿಯಲ್ಲೇ ಬದುಕುತ್ತದೆ ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಇವಕ್ಕೆ ಮಣ್ಣು ಬೇಡ, ಅಷ್ಟೇ. ನೀರು ಬೇಕೇ ಬೇಕು.

ಇವೆಲ್ಲ ಟಿಲ್ಯಾಂಡ್ಸಿಯಾ ಅನ್ನುವ ಗುಂಪಿನ ಗಿಡಗಳು. ಅನಾನಸ್ ಕೂಡ ಇದೇ ಕುಟುಂಬದ್ದು. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಿಂದ ಅರ್ಜೆಂಟೀನಾವರೆಗೆ 600ಕ್ಕೂ ಹೆಚ್ಚು ಜಾತಿಗಳಿವೆ. ಮರದ ಕೊಂಬೆಯ ಮೇಲೆ, ಬಂಡೆಯ ಮೇಲೆ, ಕೆಲವು ಜಾತಿ ಕರೆಂಟ್ ತಂತಿಯ ಮೇಲೂ ಬೆಳೆಯುತ್ತವೆ. ಹಾಗಂತ ಬಂದಳಿಕೆಯ ಥರ ಮರದ ರಸ ಹೀರುವುದಿಲ್ಲ. ಬೇರು ಇರುವುದು ಬರೀ ಹಿಡಿದುಕೊಳ್ಳುವುದಕ್ಕೆ. ಕುಡಿಯುವ ಕೆಲಸ ಎಲೆಯದು. ಎಲೆಯ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದಲ್ವಾ, ಅದು ಧೂಳಲ್ಲ. ನೀರು ಹೀರುವ ಸೂಕ್ಷ್ಮ ರೋಮಗಳು ಅವು. ಯಾವ ಕಾರಣಕ್ಕೂ ಒರೆಸಬೇಡಿ. ನೆನೆದಾಗ ಆ ರೋಮಗಳು ಪಾರದರ್ಶಕವಾಗುತ್ತವೆ, ಕೆಳಗಿನ ಹಸಿರು ಎದ್ದು ಕಾಣುತ್ತದೆ. ಬೆಳ್ಳಿ ಗಿಡ ನೀರಿಗೆ ಬಿದ್ದ ಕೂಡಲೇ ಹಸಿರಾಗುವುದು ಅದಕ್ಕೇ. ಒಣಗಿದ ಮೇಲೆ ಮತ್ತೆ ಬೆಳ್ಳಿ ಬಣ್ಣ ಬರುತ್ತದೆ. ಗಾಬರಿ ಬೇಡ.

ನಾನು ವಾರಕ್ಕೊಮ್ಮೆ, ಬೆಳಗ್ಗೆ ಹೊತ್ತು, ಒಂದು ಬೋಗುಣಿ ನೀರಿನಲ್ಲಿ 20-30 ನಿಮಿಷ ಮುಳುಗಿಸುತ್ತೇನೆ. ಆಮೇಲೆ ತಲೆಕೆಳಗು ಮಾಡಿ ಚೆನ್ನಾಗಿ ಕೊಡವಿ, ಬಟ್ಟೆಯ ಮೇಲೆ ಮಗುಚಿ ಇಡುತ್ತೇನೆ. ನಿಜವಾದ ಕೆಲಸ ಇರುವುದು ಇಲ್ಲೇ. ನಾಲ್ಕು ಗಂಟೆಯೊಳಗೆ ಗಿಡ ಪೂರ್ತಿ ಒಣಗಬೇಕು. ಎಲೆಗಳ ಸಂದಿಯಲ್ಲಿ ನೀರು ನಿಂತರೆ ಒಳಗಿನಿಂದ ಕೊಳೆಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಎತ್ತಲು ಹೋದರೆ ನಡುವಿನ ಎಲೆಗಳೆಲ್ಲ ಕೈಗೆ ಕಿತ್ತು ಬರುತ್ತವೆ. ನೀರು ಕಮ್ಮಿಯಾದ ಗಿಡವನ್ನು ಬದುಕಿಸಬಹುದು, ಕೊಳೆತದ್ದನ್ನು ಬದುಕಿಸುವುದು ಬಹಳ ಕಷ್ಟ.

ಬೆಳಗ್ಗೆಯೇ ಯಾಕೆ ಅಂದರೆ, ಬಹುಪಾಲು ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡರೆ, ಇವು ರಾತ್ರಿ ತೆರೆಯುತ್ತವೆ. ಒಣ ಜಾಗದಲ್ಲಿ ನೀರು ಉಳಿಸುವ ಉಪಾಯ ಅದು. ರಾತ್ರಿ ಎಲೆಯ ಮೇಲೆ ನೀರಿನ ಪೊರೆ ಇದ್ದರೆ ಆ ಕೆಲಸಕ್ಕೆ ಅಡ್ಡಿ. ಸಂಜೆ ಮುಳುಗಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಉತ್ತರ 2

ಮೇಲಿನವರು ಹೇಳಿದ್ದು ಅಯೊನಾಂಥಾಕ್ಕೆ ಸರಿ. ಆದರೆ ನಿಮ್ಮ ಮೂರನ್ನೂ ಒಂದೇ ಬೋಗುಣಿಗೆ ಹಾಕಬೇಡಿ.

ಬಲ್ಬೋಸಾದ ಉಬ್ಬಿದ ಬುಡ ಒಳಗೆ ಟೊಳ್ಳು. ಕಾಡಿನಲ್ಲಿ ಆ ಟೊಳ್ಳಿನಲ್ಲಿ ಇರುವೆಗಳು ಗೂಡು ಮಾಡಿಕೊಂಡಿರುತ್ತವೆ. ನಮ್ಮ ಮನೆಯಲ್ಲಿ ಇರುವೆ ಬದಲು ನೀರು ಸೇರಿಕೊಳ್ಳುತ್ತದೆ, ಸಮಸ್ಯೆ ಅದೇ. ಅದನ್ನು ಎಲೆ ಹಿಡಿದು ನೀರಿನಲ್ಲಿ ಅದ್ದಿ ಆಡಿಸಿ ತೆಗೆದರೆ ಸಾಕು, ವಾರದಲ್ಲಿ ಎರಡು ಸಲ. ಆಮೇಲೆ ತಲೆಕೆಳಗಾಗಿ ನೇತು ಹಾಕಿ. ಝೆರೊಗ್ರಾಫಿಕಾ ಒಣ ಕಾಡಿನ ಗಿಡ. ಮೆಕ್ಸಿಕೊ, ಗ್ವಾಟೆಮಾಲಾ ಕಡೆಯದು. ಅದಕ್ಕೆ ನೀರು ಕಮ್ಮಿ, ಬೆಳಕು ಜಾಸ್ತಿ. ಎಲೆಗಳ ಬುಡದಲ್ಲಿ ನೀರು ನಿಲ್ಲುವ ಆಕಾರ ಅದರದ್ದು, ಹಾಗಾಗಿ ಮಗುಚಿ ಇಡುವುದನ್ನು ತಪ್ಪಿಸಬೇಡಿ.

ಹೆಸರು ಗೊತ್ತಿಲ್ಲದ ಗಿಡ ಬಂದರೆ ಎಲೆ ನೋಡಿ. ತೆಳ್ಳಗೆ, ನುಣ್ಣಗೆ, ಹಸಿರಾಗಿದ್ದರೆ ನೀರು ಜಾಸ್ತಿ ಕೇಳುತ್ತದೆ. ದಪ್ಪಗೆ, ಬೆಳ್ಳಗೆ, ರೋಮ ಜಾಸ್ತಿ ಇದ್ದರೆ ಕಮ್ಮಿ. ನಾನು ಈ ಲೆಕ್ಕದಲ್ಲೇ ನಡೆಯುವುದು.

ಆ ಗಾಜಿನ ಗೋಳದ ಬಗ್ಗೆ ಹೇಳಲೇಬೇಕು. ನೋಡಲು ಚಂದ, ಒಪ್ಪುತ್ತೇನೆ. ಬಾಯಿ ದೊಡ್ಡದಿದ್ದರೆ ಅಡ್ಡಿಯಿಲ್ಲ. ಆದರೆ ಗಿಡವನ್ನು ಗೋಳದೊಳಗೇ ಇಟ್ಟು ಸ್ಪ್ರೇ ಮಾಡುವುದು, ಒದ್ದೆ ಗಿಡವನ್ನು ವಾಪಸ್ ಒಳಗಿಡುವುದು, ಎರಡೂ ಬೇಡ. ಒಳಗೆ ಗಾಳಿ ಆಡುವುದಿಲ್ಲ. ನೇರ ಬಿಸಿಲು ಬಿದ್ದರೆ ಗಾಜಿನೊಳಗೆ ಬಿಸಿ ಏರಿ ಎಲೆ ಸುಟ್ಟುಹೋಗುತ್ತದೆ. ಮುಚ್ಚಳ ಇರುವ ಟೆರೇರಿಯಂನಲ್ಲಂತೂ (ಗಿಡ ಬೆಳೆಸುವ ಗಾಜಿನ ಪಾತ್ರೆ) ಇಡಲೇಬೇಡಿ, ಅಂಗಡಿಯವರು ಏನೇ ಹೇಳಲಿ.

ಉತ್ತರ 3

ನಾನು ಇಷ್ಟು ವರ್ಷ ಸ್ಪ್ರೇ ಮಾತ್ರ ಮಾಡಿಕೊಂಡು ಬಂದಿದ್ದೇನೆ, ಗಿಡಗಳು ಚೆನ್ನಾಗಿವೆ. ಆದರೆ ಅವು ಇರುವುದು ಬಾಲ್ಕನಿಯಲ್ಲಿ, ಗಾಳಿಯಲ್ಲಿ ತೇವ ಇದೆ. ಸ್ಪ್ರೇ ಅಂದರೆ ಸುಮ್ನೆ ಮೇಲೆ ಮೇಲೆ ಹೊಡೆಯುವುದಲ್ಲ, ನೀರು ತೊಟ್ಟಿಕ್ಕುವಷ್ಟು. ಎಸಿ ಓಡುವ ಕೋಣೆಯಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಮುಳುಗಿಸಲೇಬೇಕು. ಎಲೆಯ ಅಂಚು ಒಳಗೆ ಮಡಿಚಿಕೊಂಡು ಕೊಳವೆಯ ಹಾಗೆ ಆದರೆ ಬಾಯಾರಿದೆ ಅಂತ ಅರ್ಥ. ಆಗ ಒಂದು ಸಲ ಒಂದೆರಡು ಗಂಟೆ ನೀರಿನಲ್ಲಿ ಬಿಡಿ, ಚೇತರಿಸಿಕೊಳ್ಳುತ್ತದೆ.

ಮಳೆ ನೀರು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇಲ್ಲ. ನಲ್ಲಿ ನೀರೂ ನಡೆಯುತ್ತದೆ. ಗಡಸು ನೀರಾದರೆ ಎಲೆ ಮೇಲೆ ಬಿಳಿ ಕಲೆ ಕೂರುತ್ತದೆ. ಗಡಸುತನ ತೆಗೆಯುವ ಸಾಫ್ಟ್‌ನರ್ ಯಂತ್ರದಿಂದ ಬಂದ ನೀರು ಮಾತ್ರ ಬೇಡ, ಅದರಲ್ಲಿ ಸೋಡಿಯಂ ಇರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಗೋಳದಿಂದ ಹೊರಗೆ ತೆಗೆದೆ. ಮರಕ್ಕೆ ಅಂಟಿಸಿದರೆ ಪ್ರತಿ ವಾರ ಮುಳುಗಿಸುವುದು ಹೇಗೆ? ಮತ್ತೆ ಆ ಕೆಂಪು ಬಣ್ಣ?

ಉತ್ತರ 4

ಕೆಂಪು ಬಣ್ಣಕ್ಕೆ ಖುಷಿಪಡಿ ಮೇಡಂ, ಹೂ ಬಿಡುವ ಸೂಚನೆ ಅದು! ಜೋರು ಬೆಳಕಿಗೂ ಸ್ವಲ್ಪ ಕೆಂಪಾಗುವುದುಂಟು, ಆದರೆ ನಡುವಿನಿಂದ ಶುರುವಾಗಿದ್ದರೆ ಬಹುತೇಕ ಹೂವೇ. ನೇರಳೆ ಬಣ್ಣದ ಉದ್ದನೆ ಹೂ ಹೊರಗೆ ಬರುತ್ತದೆ, ತುದಿಯಲ್ಲಿ ಹಳದಿ ಕೇಸರ. ಹೂ ಇರುವಾಗ ಇಡೀ ಗಿಡ ಮುಳುಗಿಸಬೇಡಿ, ಹೂ ಕೊಳೆಯುತ್ತದೆ. ಬುಡದ ಎಲೆಗಳಿಗೆ ಮಾತ್ರ ನೀರು ಕೊಡಿ.

ಒಂದು ಗಿಡ ಹೂ ಬಿಡುವುದು ಒಂದೇ ಸಲ. ಆಮೇಲೆ ಬುಡದಲ್ಲಿ ಮರಿಗಳು ಬರುತ್ತವೆ, ತಾಯಿ ಗಿಡ ನಿಧಾನಕ್ಕೆ ಒಣಗುತ್ತದೆ. ಇದು ಗೊತ್ತಿಲ್ಲದೆ ತಾಯಿ ಒಣಗಿತು ಅಂತ ಮರಿಗಳ ಸಮೇತ ಎಸೆದವರನ್ನು ನೋಡಿದ್ದೇನೆ. ಒಣಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟು ದಿನವೂ ಅದು ಮರಿಗಳಿಗೆ ಆಸರೆ. ಮರಿ ತಾಯಿಯ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾದ ಮೇಲೆ ಬೇಕಾದರೆ ಬಿಡಿಸಿ. ನನ್ನನ್ನು ಕೇಳಿದರೆ ಬಿಡಿಸಬೇಡಿ. ಗುಂಪಾಗಿ ಬೆಳೆದರೆ ಕೆಲವು ವರ್ಷದಲ್ಲಿ ಉಂಡೆ ಕಟ್ಟಿಕೊಳ್ಳುತ್ತದೆ, ಎಲ್ಲ ಒಟ್ಟಿಗೆ ಹೂ ಬಿಟ್ಟಾಗ ನೋಡಬೇಕು ಅದರ ಅಂದ.

ಉತ್ತರ 5

ಗೋಡೆಗೆ ಹಾಕುವುದರ ಬಗ್ಗೆ ನನ್ನದು ಒಂದೇ ನಿಯಮ: ಒಂದು ಕೈಯಲ್ಲಿ ಗಿಡ ಹೊರಗೆ ಬರಬೇಕು. ತೆಗೆಯಲು ಸ್ಟೂಲ್ ಹತ್ತಬೇಕು, ಗಂಟು ಬಿಚ್ಚಬೇಕು ಅಂದರೆ ಎರಡನೇ ತಿಂಗಳಿಗೆ ನೀರು ಕೊಡುವುದು ನಿಂತುಹೋಗುತ್ತದೆ. ಅದಕ್ಕೇ ಅಂಟು ನನಗೆ ಇಷ್ಟವಿಲ್ಲ. ಮರದ ತುಂಡಿನಲ್ಲಿ ಒಂದು ಗುಳಿ ಮಾಡಿ ಕೂರಿಸಬಹುದು, ಇಲ್ಲ ತಂತಿಯನ್ನು ಸುರುಳಿ ಸುತ್ತಿ ತೊಟ್ಟಿಲು ಮಾಡಬಹುದು. ಅಲ್ಯೂಮಿನಿಯಂ ಅಥವಾ ಸ್ಟೀಲ್ ತಂತಿ ಇರಲಿ. ತಾಮ್ರದ ತಂತಿ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಬೇಡ, ಈ ಗಿಡಗಳಿಗೆ ತಾಮ್ರ ವಿಷ.

ಕಟ್ಟಲೇಬೇಕು ಅಂದರೆ ಗಾಳದ ನೈಲಾನ್ ದಾರ ಸಾಕು, ಬಿಗಿಯಾಗಿ ಎಳೆಯಬೇಡಿ. ಸ್ವಲ್ಪ ಸಮಯದಲ್ಲಿ ಬೇರು ಬಂದು ತಾನೇ ಹಿಡಿದುಕೊಳ್ಳುತ್ತದೆ. ಆಗ ಮರದ ತುಂಡಿನ ಸಮೇತ ಅದ್ದಬಹುದು, ತುಂಡು ಚಿಕ್ಕದಿದ್ದರೆ. ಸಮುದ್ರ ದಂಡೆಯಿಂದ ತಂದ ಮರವಾದರೆ ಹಲವು ದಿನ ನೀರು ಬದಲಿಸುತ್ತಾ ನೆನೆಹಾಕಿ ಉಪ್ಪು ತೆಗೆಯಿರಿ. ಗೆದ್ದಲಿನ ಔಷಧಿ ಹೊಡೆದ ಮರ ಬೇಡ. ಬುಡದ ಸುತ್ತ ಹಸಿ ಪಾಚಿ ತುಂಬಿ ಅಲಂಕಾರ ಮಾಡುವ ಚಟ ಕೆಲವರಿಗೆ ಇದೆ. ಫೋಟೋಗೆ ಚಂದ, ಗಿಡಕ್ಕೆ ಕೇಡು. ಪಾಚಿ ನೀರು ಹಿಡಿದಿಟ್ಟು ಬುಡ ಕೊಳೆಸುತ್ತದೆ.

ಗೋಡೆ ಯಾವುದು ಅನ್ನುವುದೂ ಮುಖ್ಯ. ಕಿಟಕಿಯಿಂದ ಒಂದು ಮೀಟರ್ ಒಳಗಿರಲಿ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದಿರಲಿ. ಬಚ್ಚಲುಮನೆಯಲ್ಲಿ ತೇವ ಇದೆ ಅಂತ ಹೇಳುತ್ತಾರೆ, ಕಿಟಕಿ ಇಲ್ಲದ ಬಚ್ಚಲಾದರೆ ಅಲ್ಲಿ ಬೆಳಕೇ ಇಲ್ಲವಲ್ಲ!

ಇನ್ನೊಂದು ಗಿಡ ತರುವ ಯೋಚನೆ ಇದ್ದರೆ ಸ್ಪ್ಯಾನಿಷ್ ಮಾಸ್ ನೋಡಿ. ಅದೂ ಟಿಲ್ಯಾಂಡ್ಸಿಯಾನೇ. ದೊಡ್ಡದಾದ ಮೇಲೆ ಬೇರೂ ಇರುವುದಿಲ್ಲ, ಒಂದು ಮೊಳೆಗೆ ನೇತು ಹಾಕಿದರೆ ಆಯಿತು. ಹಿಂದೆ ಇದರ ಒಣ ನಾರನ್ನು ಕಾರಿನ ಸೀಟಿಗೆ ತುಂಬುತ್ತಿದ್ದರಂತೆ. ಎಳೆಗಳನ್ನು ಬಿಡಿಸಿ ತೆಳ್ಳಗೆ ಹಾಕಿ. ದಪ್ಪ ಕಂತೆ ಮಾಡಿದರೆ ಒಳಗಿನ ಎಳೆಗಳಿಗೆ ಬೆಳಕು, ಗಾಳಿ ಸಿಗದೆ ಕಪ್ಪಾಗುತ್ತವೆ.

ಉತ್ತರ 6

ಗೊಬ್ಬರದ ಬಗ್ಗೆ ಯಾರೂ ಹೇಳಿಲ್ಲ. ಆರ್ಕಿಡ್‌ಗೆ ಅಥವಾ ಬ್ರೊಮೆಲಿಯಾಡ್‌ಗೆ (ಅನಾನಸ್ ಕುಟುಂಬದ ಗಿಡಗಳಿಗೆ) ಅಂತ ಸಿಗುವ ನೀರಿನಲ್ಲಿ ಕರಗುವ ಗೊಬ್ಬರ, ಪೊಟ್ಟಣದ ಮೇಲೆ ಬರೆದ ಅಳತೆಯ ಕಾಲು ಭಾಗ, ತಿಂಗಳಿಗೊಮ್ಮೆ ಮುಳುಗಿಸುವ ನೀರಿಗೆ. ಇದಕ್ಕಿಂತ ಜಾಸ್ತಿ ಹಾಕಿದರೆ ಎಲೆ ತುದಿ ಸುಡುತ್ತದೆ. ಹಾಕದಿದ್ದರೂ ಸಾಯುವುದಿಲ್ಲ, ಬೆಳೆಯುವುದು ನಿಧಾನ ಅಷ್ಟೇ.

ಎಲೆ ಸಂದಿಯಲ್ಲಿ ಬಿಳಿ ಹತ್ತಿಯ ಹಾಗೆ ಕಂಡರೆ ಹಿಟ್ಟು ತಿಗಣೆ. ಹತ್ತಿ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿ ತೆಗೆಯಿರಿ, ಆಮೇಲೆ ನೀರಿನಲ್ಲಿ ತೊಳೆಯಿರಿ, ಉಳಿದ ಗಿಡಗಳಿಂದ ಕೆಲವು ದಿನ ದೂರ ಇಡಿ. ಬೂಸ್ಟು ಬಂತು ಅಂತ ಶಿಲೀಂಧ್ರನಾಶಕ ಹೊಡೆಯುವ ಮುಂಚೆ ಬಾಟಲಿ ಮೇಲೆ ತಾಮ್ರ ಅಂತ ಇದೆಯಾ ನೋಡಿಕೊಳ್ಳಿ. ತೋಟದ ಬೇರೆ ಗಿಡಕ್ಕೆ ಹೊಡೆಯುವಾಗಲೂ ಏರ್ ಪ್ಲಾಂಟ್‌ಗಳನ್ನು ಒಳಗೆ ತೆಗೆದಿಡಿ, ಗಾಳಿಗೆ ಹಾರಿ ಬಂದ ಹನಿಯೂ ಸಾಕು ಎಲೆ ಹಾಳಾಗಲು.