ಎನ್ವಿಡಿಯಾದ 5080 ಸೂಪರ್ ಗ್ರಾಫಿಕ್ಸ್ ಕಾರ್ಡ್ ಬಂದರೆ ನಮ್ಮಲ್ಲಿ ಬೆಲೆ ಎಷ್ಟಿರಬಹುದು? ಕಾಯಲಾ, ಈಗಲೇ ತಗೊಳ್ಳಲಾ? (2025ರ ಡಿಸೆಂಬರಿನ ಚರ್ಚೆ)

ರೆಂಡರ್ ರಂಗ, ಮೈಸೂರು:
ಎಲ್ಲರಿಗೂ ನಮಸ್ಕಾರ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಮನೆ ಇಂಟೀರಿಯರ್ ಚಿತ್ರ ರೆಂಡರ್ ಮಾಡಿಕೊಡುವುದು ನನ್ನ ಕೆಲಸ. ರಾತ್ರಿ ಒಂದಿಷ್ಟು ಗೇಮ್. ಈಗಿರುವುದು 3060 ಟಿಐ ಕಾರ್ಡ್, ಅದರ 8 ಜಿಬಿ ಮೆಮೊರಿ ಯಾವುದಕ್ಕೂ ಸಾಲುತ್ತಿಲ್ಲ. 5080 ಸೂಪರ್ 24 ಜಿಬಿಯಲ್ಲಿ ಬರುತ್ತದೆ ಅಂತ ಗಾಳಿಸುದ್ದಿ ಇದೆ. 2026ರ ಜನವರಿಯ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಹೇಳುತ್ತಾರೆ ಅಂತ ಕೆಲವರು, ಮೆಮೊರಿ ರೇಟ್ ಏರಿದೆ, ಸದ್ಯಕ್ಕಿಲ್ಲ ಅಂತ ಇನ್ನು ಕೆಲವರು. ಬಂದರೆ ಎಷ್ಟಕ್ಕೆ ಬರಬಹುದು? ಬಜೆಟ್ 1,20,000. ಎಸ್‌ಎಮ್‌ಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ) 650 ವ್ಯಾಟ್, ಕ್ಯಾಬಿನೆಟ್ ಚಿಕ್ಕದು. ಕಾದು ತಗೊಂಡವರು, ಕಾಯದೆ ತಗೊಂಡವರು ಇಬ್ಬರೂ ಹೇಳಿ.

ಲೆಕ್ಕದ ಮೇಷ್ಟ್ರು:
ಗಾಳಿಸುದ್ದಿ ಬಿಡಿ, ಹಳೆ ಲೆಕ್ಕ ನೋಡಿ. ಪ್ರತಿ ಸಲ ಕಾರ್ಡ್ ಬಂದಾಗ ಡಾಲರ್ ಬೆಲೆ, ನಮ್ಮ ಬೆಲೆ ಎರಡನ್ನೂ ನಾನು ಶೀಟಿನಲ್ಲಿ ಬರೆದಿಡುತ್ತೇನೆ.

2020ರ ಸೆಪ್ಟೆಂಬರ್, 3080. ಅಲ್ಲಿ 699 ಡಾಲರ್, ಇಲ್ಲಿ 71,000. ಅಂದರೆ ಒಂದು ಡಾಲರಿಗೆ 101 ರೂಪಾಯಿಗೂ ಜಾಸ್ತಿ. ಆಗ ಡಾಲರ್ ಇದ್ದದ್ದು 73-74! 18 ಪರ್ಸೆಂಟ್ ಜಿಎಸ್‌ಟಿ ಹಾಕಿದರೂ 87 ಆಗಬೇಕಿತ್ತು. ಮಿಕ್ಕಿದ್ದು ಯಾರ ಜೇಬಿಗೆ ಹೋಯಿತೋ, ದೇವರೇ ಬಲ್ಲ. 2022ರಲ್ಲಿ 4090. ಅಲ್ಲಿ 1,599, ಇಲ್ಲಿ 1,55,000. ಡಾಲರಿಗೆ 97. ಆಗ ರೇಟ್ 80-82, ತೆರಿಗೆ ಸೇರಿಸಿದರೆ ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ. 2025ರ ಜನವರಿಯಲ್ಲಿ 5090 ಅಲ್ಲಿ 1,999, ಇಲ್ಲಿ 2,14,000. 5080 ಅಲ್ಲಿ 999, ಇಲ್ಲಿ 1,07,000. 5070 ಟಿಐ ಅಲ್ಲಿ 749, ಇಲ್ಲಿ 80,000. ಮೂರಕ್ಕೂ ಡಾಲರಿಗೆ 107. ರೇಟ್ 86 ಇತ್ತು, ತೆರಿಗೆ ಸೇರಿ 101-102, ಅದರ ಮೇಲೆ ಐದು ಪರ್ಸೆಂಟ್.

ಈಗ ಡಾಲರ್ 90. ಅದೇ ಲೆಕ್ಕದಲ್ಲಿ ಡಾಲರಿಗೆ 112. ಸೂಪರ್ 999ಕ್ಕೆ ಬಂದರೆ 1,12,000. 1,199 ಆದರೆ 1,34,000. ನನ್ನ ಊಹೆ ಮಧ್ಯದ್ದು, 1,23,000. ಇದಕ್ಕಿಂತ ಕಡಿಮೆ ಅನ್ನುವವರು ನನ್ನ ಹತ್ತಿರ ಬೆಟ್ ಕಟ್ಟಬಹುದು.

ಕಾಂಬೊ ಸಂತ್ರಸ್ತ:
ಮೇಷ್ಟ್ರೇ, ನಿಮ್ಮ ಶೀಟಿನ ರೇಟಿಗೆ ಕಾರ್ಡ್ ಕೈಗೆ ಸಿಕ್ಕಿದ ಒಬ್ಬನನ್ನು ತೋರಿಸಿ, ಆಮೇಲೆ ಬೆಟ್.

ನನ್ನ ಕತೆ ಕೇಳಿ. 2021. 3070ರ ಬೆಲೆ ಪೇಪರಿನಲ್ಲಿ 51,000. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಕೇಳಿದರೆ 86,000 ಅಂದ. ಸರಿ, ಕ್ರಿಪ್ಟೊ ನಾಣ್ಯ ಗಳಿಸೋಕೆ ಜನ ಕಾರ್ಡ್ ಬಾಚುತ್ತಿದ್ದ ಮೈನಿಂಗ್ ಕಾಲ, ಕೊಡೋಣ ಅಂತ ಬ್ಯಾಂಕ್ ಕಾರ್ಡ್ ತೆಗೆದರೆ, 'ಸಾರ್, ಬರೀ ಕಾರ್ಡ್ ಕೊಡಲ್ಲ, ಕಾಂಬೊ' ಅಂದ. ಅಂದರೆ ಮದರ್‌ಬೋರ್ಡ್ 17,500, ಕೂಲರ್ 6,200. ನನ್ನ ಹತ್ತಿರ ಎರಡೂ ಇದ್ದವು. ಬೇಡ ಅಂದರೆ ಹಿಂದೆ ನಿಂತವನು ತಗೊಳ್ಳೋಕೆ ರೆಡಿ. ಒಟ್ಟು 1,09,700 ಕೊಟ್ಟೆ. ಮದರ್‌ಬೋರ್ಡನ್ನು ಆಮೇಲೆ ಗೋಗರೆದು 9,000ಕ್ಕೆ ಮಾರಿದೆ, ಕೊಂಡವನು ಬಾಕ್ಸ್ ಮೇಲೆ ಗೀರಿದೆ ಅಂತ ಅದರಲ್ಲೂ ಚೌಕಾಸಿ. ಕೂಲರ್ ಇನ್ನೂ ಅಟ್ಟದ ಮೇಲಿದೆ, ಯಾರಿಗಾದರೂ ಬೇಕಾ? 51,000ದ ಕಾರ್ಡಿಗೆ 1,00,700 ಬಿತ್ತು. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಮ್ ಅನ್ನೋ ಕ್ರಿಪ್ಟೊದಲ್ಲಿ ಮೈನಿಂಗ್ ನಿಂತಿತು ನೋಡಿ, ಅದೇ ಕಾರ್ಡನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಮೂವತ್ತು ಸಾವಿರಕ್ಕೆ ಕೇಳುವವರಿಲ್ಲ.

ಲಾಂಚ್ ಪ್ರೈಸ್ ಅನ್ನೋದು ಮದುವೆ ಕಾರ್ಡಿನಲ್ಲಿ ಹಾಕಿದ ಮುಹೂರ್ತ ಇದ್ದ ಹಾಗೆ, ಊಟ ಯಾವಾಗ ಅಂತ ಅದರಲ್ಲಿ ಗೊತ್ತಾಗಲ್ಲ.

ತಾಳಿದವ ಬಾಳಿದ:
ಆತುರ ಪಟ್ಟವರ ಗೋಳು ಪ್ರತಿ ಸಲ ಇದೇ. ನಾನು ಹಳೇ 1070 ಕಾರ್ಡನ್ನೇ ಇಟ್ಟುಕೊಂಡು ಎಲ್ಲರ ಕೈಲೂ ಬೈಸಿಕೊಂಡೆ. 2022ರಲ್ಲಿ 4080 ಕಾರ್ಡ್ 1,199 ಡಾಲರಿಗೆ ಬಂದಾಗ ಗೆಳೆಯರೆಲ್ಲ ಓಡಿದರು. ಅದಕ್ಕೂ ಮೊದಲು 12 ಜಿಬಿ 4080 ಅಂತ ಒಂದನ್ನು 899ಕ್ಕೆ ಘೋಷಿಸಿ, ಜನ ಉಗಿದ ಮೇಲೆ ವಾಪಸ್ ತಗೊಂಡು, ಹೆಸರು ಬದಲಿಸಿ 4070 ಟಿಐ ಅಂತ 799ಕ್ಕೆ ಬಿಟ್ಟರಲ್ಲ, ಅವತ್ತೇ ನನಗೆ ಗೊತ್ತಾಯಿತು. ಜನ ಸುಮ್ನೆ ಕೂತರೆ ಬೆಲೆ ತಾನಾಗಿ ಇಳಿಯುತ್ತದೆ.

2024ರ ಜನವರಿ 31ಕ್ಕೆ 4080 ಸೂಪರ್ ಬಂತು, 999 ಡಾಲರ್. ಸ್ಪೀಡ್ ಸ್ವಲ್ಪ ಜಾಸ್ತಿ, ಬೆಲೆ 200 ಡಾಲರ್ ಕಡಿಮೆ. ನನಗೆ ಬಿಲ್ ಸಮೇತ 1,06,000ಕ್ಕೆ ಸಿಕ್ಕಿತು. ಮೊದಲೇ ಓಡಿದ ನನ್ನ ಸಹೋದ್ಯೋಗಿ 1,34,000 ಕೊಟ್ಟಿದ್ದರು. ಈಗಲೂ ಊಟದ ಟೇಬಲ್ಲಿನಲ್ಲಿ ಕಾರ್ಡಿನ ಮಾತು ಬಂದರೆ ತಟ್ಟೆ ಎತ್ತಿಕೊಂಡು ಹೋಗುತ್ತಾರೆ. 2019ರಲ್ಲಿ 2080 ಸೂಪರ್ ಕೂಡ 699ಕ್ಕೇ ಬಂದದ್ದು, ಬೆಲೆ ಏರಿಸಲಿಲ್ಲ. 80ರ ಸಾಲಿನಲ್ಲಿ ಸೂಪರ್ ಅಂದರೆ ಅದೇ ಬೆಲೆ, ಇಲ್ಲವೇ ಕಡಿಮೆ. ಇದು ಇತಿಹಾಸ. ಬರೆದಿಟ್ಟುಕೊಳ್ಳಿ, 999.

ಚಿಪ್ ಎಣಿಸುವವಳು:
ಇತಿಹಾಸ ಹೇಳುವವರು ಪೂರ್ತಿ ಹೇಳಬೇಕು. 2021ರ ಜೂನ್‌ನಲ್ಲಿ 3080 ಟಿಐ ಎಷ್ಟಕ್ಕೆ ಬಂತು? 1,199. ಕೆಲವೇ ತಿಂಗಳು ಹಿಂದೆ ಬಂದ 3080ಕ್ಕೆ 699 ಡಾಲರ್. ಎರಡೇ ಎರಡು ಜಿಬಿ ಜಾಸ್ತಿ, 500 ಡಾಲರ್ ಏರಿಕೆ. ಯಾಕೆ? ಮಾಲಿಗೆ ಬರ ಇತ್ತು. ಬರ ಇದ್ದಾಗ ಒಂದು ನ್ಯಾಯ, ಇಲ್ಲದಾಗ ಒಂದು ನ್ಯಾಯ. 4080 ಸೂಪರ್ ಬಂದಾಗ ಮೆಮೊರಿಗೆ ಇಂಥ ಕಷ್ಟ ಇರಲಿಲ್ಲ.

5080ರಲ್ಲಿ 2 ಜಿಬಿಯ ಎಂಟು ಜಿಡಿಡಿಆರ್7 ಮೆಮೊರಿ ಚಿಪ್ ಇವೆ, 16 ಆಯಿತು. 24 ಮಾಡಬೇಕು ಅಂದರೆ ಅದೇ ಎಂಟು ಜಾಗದಲ್ಲಿ 3 ಜಿಬಿಯವನ್ನು ಕೂರಿಸಬೇಕು. ಬೋರ್ಡ್ ಬದಲಿಸುವ ಕಷ್ಟವೇನೂ ಇಲ್ಲ. ಕಷ್ಟ ಇರುವುದು ಆ 3 ಜಿಬಿ ಚಿಪ್ ಯಾರ ಪಾಲಿಗೆ ಅನ್ನುವುದರಲ್ಲಿ. ಅವೇ ಚಿಪ್‌ಗಳು ಕಂಪನಿಗಳಿಗೆ ಮಾರುವ 96 ಜಿಬಿಯ ಆರ್‌ಟಿಎಕ್ಸ್ ಪ್ರೊ 6000ಕ್ಕೂ ಹೋಗುತ್ತವೆ, ಲ್ಯಾಪ್‌ಟಾಪಿನ 24 ಜಿಬಿ 5090ಕ್ಕೂ ಹೋಗುತ್ತವೆ. ಆಫೀಸಿನವರು ಹಲವು ಪಟ್ಟು ದುಡ್ಡು ಕೊಟ್ಟು ಸಾಲಿನಲ್ಲಿ ನಿಂತಿರುವಾಗ ನಮ್ಮಂಥವರಿಗೆ 999ಕ್ಕೆ ಯಾಕೆ ಕೊಡುತ್ತಾರೆ? ಮೆಮೊರಿ ಮಾಡುವ ಮೈಕ್ರಾನ್‌ನವರು ನಮ್ಮಂಥವರಿಗೆ ಮಾರುವ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಅಂತ ಡಿಸೆಂಬರಿನಲ್ಲಿ ಹೇಳಿದ್ದನ್ನು ಯಾರೂ ಓದಲಿಲ್ವಾ? ನಾನು ಈ ವರ್ಷದ ಮಧ್ಯದಲ್ಲಿ 9,500ಕ್ಕೆ ತಗೊಂಡ 32 ಜಿಬಿ ರ್‍ಯಾಮ್‌ಗೆ ಈಗ ಮೂರು ಪಟ್ಟು ಕೇಳುತ್ತಿದ್ದಾರೆ.

ಅದಕ್ಕೇ ನಾನು ಕಾಯಲಿಲ್ಲ. 5070 ಟಿಐ ತಗೊಂಡೆ, 79,500, ಬಿಲ್, ಮೂರು ವರ್ಷ ವಾರಂಟಿ. ಒಂದು ರೂಪಾಯಿಯ ಬೇಜಾರೂ ಇಲ್ಲ.

ತಾಳಿದವ ಬಾಳಿದ:
ಬೇಜಾರಿಲ್ಲ ಅಂತ ಇಷ್ಟು ಉದ್ದ ಬರೆಯುವವರಿಗೇ ಬೇಜಾರು ಜಾಸ್ತಿ ಮೇಡಂ.

ಚಿಪ್ ಎಣಿಸುವವಳು:
1070 ಇಟ್ಟುಕೊಂಡು ಅಷ್ಟು ವರ್ಷ ಏನೂ ಆಡದೆ ಕೂತದ್ದನ್ನು ಉಳಿತಾಯ ಅಂತ ಕರೆಯುವವರ ಹತ್ತಿರ ನಾನು ವಾದ ಮಾಡಲ್ಲ.

ಜರ್ಸಿ ಕನ್ನಡಿಗ:
ನೀವು ಯಾರೂ ಹೇಳದ ದಾರಿ ಒಂದಿದೆ. 2025ರ ಶುರುವಿನಲ್ಲಿ ತಮ್ಮನಿಗೆ ಅಂತ 5080 ಹಿಡಿದುಕೊಂಡು ಬೆಂಗಳೂರಿಗೆ ಬಂದೆ. ಲೆಕ್ಕ ಹೀಗೆ. 999 ಡಾಲರ್, ನ್ಯೂಜೆರ್ಸಿಯ ಸೇಲ್ಸ್ ಟ್ಯಾಕ್ಸ್ 6.625 ಪರ್ಸೆಂಟ್, ಒಟ್ಟು 1,065. ಆಗಿನ ರೇಟ್ 86ರಂತೆ 91,600. ವಿಮಾನ ನಿಲ್ದಾಣದಲ್ಲಿ ರೆಡ್ ಚಾನೆಲ್‌ಗೆ (ಸುಂಕದ ಮಾಲು ತಂದವರ ಸಾಲು) ಹೋಗಿ ಬಿಲ್ ತೋರಿಸಿದೆ. ಆಗ 50,000ದವರೆಗೆ ಮಾಫಿ ಇತ್ತು, ಮೇಲಿನ 41,600ಕ್ಕೆ 38.5 ಪರ್ಸೆಂಟ್ ಡ್ಯೂಟಿ, 16,000. ಕೂಡಿದರೆ 1,07,600.

ಅಂದರೆ ಇಲ್ಲಿನ ಪೇಪರ್ ಬೆಲೆಗಿಂತ 600 ಜಾಸ್ತಿ! ಆದರೆ ಆ ತಿಂಗಳು ಬೆಂಗಳೂರಿನಲ್ಲಿ ಅದೇ ಕಾರ್ಡಿಗೆ 1,35,000 ಕೇಳುತ್ತಿದ್ದರು ಅಂತ ತಮ್ಮ ಹೇಳಿದ. ಡೆಲವೇರ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಅಲ್ಲಿ ತಗೊಂಡಿದ್ದರೆ ಒಂದು ಲಕ್ಷದ ಒಳಗೇ ಮುಗಿಯುತ್ತಿತ್ತು. ಬೆಳಗಿನ ಜಾವದಿಂದ ಅಂಗಡಿ ಮುಂದೆ ಚಳಿಯಲ್ಲಿ ನಿಂತದ್ದಕ್ಕೆ ಮಾತ್ರ ನಾನು ಬೆಲೆ ಕಟ್ಟಿಲ್ಲ.

ಗೂಡಂಗಡಿ:
ರೆಡ್ ಚಾನೆಲ್‌ಗೆ ತಾನಾಗಿ ಹೋದ ಮೊದಲ ಮನುಷ್ಯ ನೀವೇ ಸಾರ್. ನಮ್ಮ ಭಾವ ಡಬ್ಬ ಬಿಸಾಕಿ ಬಟ್ಟೆಯೊಳಗೆ ಸುತ್ತಿ ತಂದರು, ಯಾರೂ ಕೇಳಲಿಲ್ಲ.

ಜರ್ಸಿ ಕನ್ನಡಿಗ:
ಸಿಕ್ಕಿಬಿದ್ದಿದ್ದರೆ ಡ್ಯೂಟಿ ಜೊತೆ ದಂಡ ಯಾರು ಕಟ್ಟುತ್ತಿದ್ದರು, ನೀವಾ? ಇಂಥದ್ದನ್ನು ಇಲ್ಲಿ ಹೆಮ್ಮೆಯಿಂದ ಹೇಳಬೇಡಿ.

ಲೆಕ್ಕದ ಮೇಷ್ಟ್ರು:
ಹೊರಗಿನಿಂದ ತಂದರೆ ವಾರಂಟಿ? ಎಷ್ಟೋ ಬ್ರ್ಯಾಂಡ್‌ನವರು ಕೊಂಡ ದೇಶದಲ್ಲೇ ನೋಡುತ್ತಾರೆ. ಫ್ಯಾನ್ ಹೋದರೆ ನಿಮ್ಮ ತಮ್ಮ ನ್ಯೂಜೆರ್ಸಿಗೆ ಕೊರಿಯರ್ ಮಾಡ್ತಾರಾ?

ರೆಂಡರ್ ರಂಗ, ಮೈಸೂರು:
ಎಲ್ಲರಿಗೂ ಥ್ಯಾಂಕ್ಸ್. ನನ್ನ 650 ವ್ಯಾಟ್ ಎಸ್‌ಎಮ್‌ಪಿಎಸ್ ಬಗ್ಗೆ, ಚಿಕ್ಕ ಕ್ಯಾಬಿನೆಟ್ ಬಗ್ಗೆ ಯಾರಾದರೂ...?

ಹುಬ್ಬಳ್ಳಿ 3090:
ರಂಗಣ್ಣ, ಅದನ್ನ ಆಮ್ಯಾಲೆ ನೋಡೋಣ. ನಿಮಗೆ ಬೇಕಿರೋದು 24 ಜಿಬಿ ಹೌದಲ್ರೀ? ಅದಕ್ಕ ಹೊಸಾ ಕಾರ್ಡ್ ಯಾಕ ಬೇಕ್ರೀ? 2023ರಲ್ಲಿ ನಾನು ಹಳೇ 3090 ಹುಡುಕಿ 58,000ಕ್ಕೆ ತಗೊಂಡೆ. 1,499 ಡಾಲರಿನ ಕಾರ್ಡ್ ಅದು. ಮೈನಿಂಗ್ ಮಾಡಿದ್ದು ಅಂತ ಮಾರಿದವನೇ ಒಪ್ಪಿಕೊಂಡ, ಅದಕ್ಕೇ ರೇಟ್ ಇಳಿಸಿದ. ಬೆಂಗಳೂರಿಗೆ ಹೋಗಿ ಬರೋ ಬಸ್ ಚಾರ್ಜ್ 1,900. ತರುತ್ತಲೇ ರೆಂಡರ್‌ಗೆ ಹಾಕಿದರೆ ಮೆಮೊರಿ 108 ಡಿಗ್ರಿ! 3090ರಲ್ಲಿ ಅರ್ಧ ಮೆಮೊರಿ ಚಿಪ್ ಬೋರ್ಡಿನ ಹಿಂಬದಿಗೆ ಇರ್ತಾವ, ಅಲ್ಲಿಗೆ ಗಾಳಿನೇ ಹೋಗಲ್ಲ. ಥರ್ಮಲ್ ಪ್ಯಾಡ್ 3,400, ಪೇಸ್ಟ್ 650. ಪ್ಯಾಡಿನ ದಪ್ಪ ಸರಿಯಾಗಿ ಕೊಡಲಿಲ್ಲ ಅಂತ ಇನ್ನೊಮ್ಮೆ 2,800. ಹಿಂದ ಒಂದು ಫ್ಯಾನ್ ಕೂರಿಸಿದೆ, 700. ಈಗ 88 ಡಿಗ್ರಿ ದಾಟಲ್ಲ. ಒಟ್ಟು 67,450. ಇಲ್ಲೇ 5080ಕ್ಕ ಲಕ್ಷ ಲಕ್ಷ ಕೊಟ್ಟವರ ಹತ್ರ 16 ಜಿಬಿ ಐತಿ, ನನ್ನ ಹತ್ರ 24 ಐತಿ. ಮೂರು ವರ್ಷದ ಹಿಂದಿನ ಮಾತಲ್ಲ, ಇವತ್ತಿನ ಮಾತು.

ಕಾಂಬೊ ಸಂತ್ರಸ್ತ:
ಅಣ್ಣ, ಗೇಮ್ ಆಡುವವರ ಕಾರ್ಡನ್ನೆಲ್ಲ ಕಸಿದು ಹಾಳು ಮಾಡಿದವರ ಕಾರ್ಡಿಗೆ ಇಷ್ಟು ಹೊಗಳಿಕೆನಾ? ಆಗ ಮೈನಿಂಗ್‌ನವರು, ಈಗ ಮನೆಯಲ್ಲಿ ಎಐ ಓಡಿಸುತ್ತೇವೆ ಅಂತ ಇನ್ನೊಂದು ಗುಂಪು.

ಮನೆಯಲ್ಲೇ ಮಾಡೆಲ್:
ಆ ಗುಂಪಿನವನು ನಾನೇ. ನಮ್ಮಂಥ ಮನೆಮಂದಿ ಒಂದೊಂದು ಕಾರ್ಡ್ ತಗೊಂಡರೆ ಬರ ಬರಲ್ಲ ಗುರು. ಡೇಟಾ ಸೆಂಟರ್‌ಗಳನ್ನು ಕೇಳಿ. ನಾನೂ ಎರಡು 3090 ಇಟ್ಟಿದ್ದೇನೆ. ಎರಡನ್ನೂ ಎನ್‌ವಿಲಿಂಕ್ ಅನ್ನೋ ಕೊಂಡಿಯಲ್ಲಿ ಜೋಡಿಸಬಹುದು, 4090ಯಿಂದ ಆ ಸೌಲಭ್ಯವನ್ನೇ ತೆಗೆದುಬಿಟ್ಟರು. ಕರೆಂಟ್ ಬಿಲ್ ಮಾತ್ರ ಕೇಳಬೇಡಿ, ಹೆಂಡತಿ ಈಗ ಬಿಲ್ಲನ್ನು ಫ್ರಿಜ್ ಮೇಲೆ ಅಂಟಿಸುತ್ತಿದ್ದಾಳೆ.

ಚಿಪ್ ಎಣಿಸುವವಳು:
ರಂಗ ಅವರೇ, 5080 ಆದರೆ 360 ವ್ಯಾಟ್, 850ರ ಎಸ್‌ಎಮ್‌ಪಿಎಸ್ ಬೇಕು ಅಂತ ಕಂಪನಿಯೇ ಹೇಳುತ್ತದೆ. 5070 ಟಿಐ 300 ವ್ಯಾಟ್, 750. ನಿಮ್ಮ 650 ಎರಡಕ್ಕೂ ಸಾಲದು. ಬಜೆಟ್ಟಿನಲ್ಲಿ ಒಂದು ಹತ್ತು ಸಾವಿರ ಅದಕ್ಕೆ ಎತ್ತಿಡಿ. ಕ್ಯಾಬಿನೆಟ್ ಒಳಗೆ ಎಷ್ಟು ಉದ್ದ ಹಿಡಿಯುತ್ತದೆ ಅಂತ ಟೇಪ್ ಹಿಡಿದು ಅಳೆಯಿರಿ, ಅದನ್ನು ನಾವು ಇಲ್ಲಿಂದ ಹೇಳಕ್ಕಾಗಲ್ಲ. ಜಿಎಸ್‌ಟಿ ನಂಬರ್ ಇದೆಯಾ? ಇದ್ದರೆ 1,07,000ದ ಬಿಲ್ಲಿನಲ್ಲಿ 16,322 ಇನ್‌ಪುಟ್ ಕ್ರೆಡಿಟ್, ಅಂದರೆ ನೀವು ಕಟ್ಟುವ ಜಿಎಸ್‌ಟಿಯಲ್ಲಿ ಅಷ್ಟು ಕಳೆಯಬಹುದು.

ಗೂಡಂಗಡಿ:
ಬಿಲ್ ಇಲ್ಲದೆ ತಗೊಂಡರೆ ಅಂಗಡಿಯವನೇ ಅಷ್ಟು ಬಿಡ್ತಾನೆ, ಯಾವ ರಿಟರ್ನ್ ಫೈಲ್ ಮಾಡುವ ತಲೆನೋವೂ ಇಲ್ಲ.

ಲೆಕ್ಕದ ಮೇಷ್ಟ್ರು:
ಬಿಲ್ ಇಲ್ಲದ ಕಾರ್ಡ್ ಕೆಟ್ಟರೆ ಯಾರ ಮುಂದೆ ಅಳುತ್ತೀರಿ?

ಗೂಡಂಗಡಿ:
ಸೀರಿಯಲ್ ನಂಬರ್ ಇದ್ದರೆ ಸಾಕು. ನನ್ನದು ಹಾಗೇ ಬದಲಿಸಿಕೊಟ್ಟಿದ್ದಾರೆ.

ಕಾಂಬೊ ಸಂತ್ರಸ್ತ:
ನನ್ನ ಹತ್ತಿರ ಬಿಲ್ ಇತ್ತು, ಸೀರಿಯಲ್ ನಂಬರೂ ಇತ್ತು. ಬಿಲ್ಲಿನಲ್ಲಿ ಅಂಗಡಿಯವನು ಬರೆದಿದ್ದು 'ಕಂಪ್ಯೂಟರ್ ಸೆಟ್, ಒಂದು' ಅಂತ. ಕಾರ್ಡಿನ ಹೆಸರೇ ಇಲ್ಲ, ನಂಬರೂ ಇಲ್ಲ. ಸರ್ವಿಸ್ ಸೆಂಟರಿನವರು ಬೇರೆ ಬಿಲ್ ತನ್ನಿ ಅಂದರು. ಅಂಗಡಿಗೆ ಹೋದರೆ ಅಂಗಡಿಯವನು, 'ಸೆಟ್ ಪೂರ್ತಿ ತನ್ನಿ ಸಾರ್, ಮದರ್‌ಬೋರ್ಡ್ ಎಲ್ಲಿ?' ಅಂದ.